ಸರಾಸರಿಯಲ್ಲಿ ಕಾಣದ ಊರುಗಳು: ಪರಿಸರ ನ್ಯಾಯ ಎಂದರೇನು, ಅದಕ್ಕಾಗಿ ದುಡಿಯುವವರು ಮಾಡುವುದೇನು?

2023ರ ಆಗಸ್ಟ್ ತಿಂಗಳ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ನಲ್ಲಿ ನೀರು ಕುಡಿದವರು ವಾಂತಿ–ಭೇದಿಯಿಂದ ಒಬ್ಬರ ಹಿಂದೆ ಒಬ್ಬರು ಆಸ್ಪತ್ರೆ ಸೇರಿದರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಹಲವರು ಪ್ರಾಣ ಕಳೆದುಕೊಂಡರು. ದಲಿತ ಕುಟುಂಬಗಳೇ ಹೆಚ್ಚಾಗಿ ವಾಸಿಸುವ ಬಡಾವಣೆ ಅದು. ಊರಿಗೆಲ್ಲ ನೀರು ಪೂರೈಸುವ ಆಡಳಿತ ಒಂದೇ ಆಗಿರುವಾಗ ಅನಾಹುತ ಆ ಹಟ್ಟಿಯಲ್ಲೇ ಏಕಾಯಿತು ಎಂಬ ಪ್ರಶ್ನೆ ಅಂದು ಎದ್ದಿತು. ಅದು ಇಂದಿಗೂ ತಣ್ಣಗಾಗಿಲ್ಲ.

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಇಂಥದೇ ಪ್ರಶ್ನೆಗಳು ಬೇರೆ ಬೇರೆ ರೂಪದಲ್ಲಿ ಎದುರಾಗುತ್ತಿವೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಗಣಿಬಾಧಿತ ಪ್ರದೇಶದ ಹಣದ ಮಾತು ಕೇಳಿಬರುತ್ತದೆ. ಮೊಳಕಾಲ್ಮೂರು, ಚಳ್ಳಕೆರೆಯ ಕಡೆ ಫ್ಲೋರೈಡ್ ನೀರಿನ ಮಾತು. ದಾವಣಗೆರೆಯಲ್ಲಿ ಗಾಳಿಯ ಗುಣಮಟ್ಟದ ಮಾತು. ಈ ಸುದ್ದಿಗಳಲ್ಲೆಲ್ಲ ‘ಪರಿಸರ ನ್ಯಾಯ’, ‘ಆರೋಗ್ಯ ಸಮತೆ’ ಎಂಬ ಎರಡು ಪದಗಳು ಬರುತ್ತವೆ. ಅವುಗಳ ಅರ್ಥ, ಅವುಗಳ ಹಿಂದಿನ ವಿಜ್ಞಾನ ಮತ್ತು ಕಾನೂನು, ಈ ಕ್ಷೇತ್ರದಲ್ಲಿ ದುಡಿಯುವವರು ದಿನನಿತ್ಯ ಮಾಡುವ ಕೆಲಸ, ಇವಿಷ್ಟನ್ನು ಬುಡದಿಂದ ನೋಡೋಣ.

ಎರಡು ಪದಗಳ ಅರ್ಥ

ಪರಿಸರ ಎಂದ ಕೂಡಲೇ ಕಾಡು, ವನ್ಯಜೀವಿ, ಸಸಿ ನೆಡುವ ಕಾರ್ಯಕ್ರಮ ನೆನಪಾಗುತ್ತವೆ. ಪರಿಸರ ನ್ಯಾಯದ ಗಮನ ಮನುಷ್ಯರು ಬದುಕುವ ಜಾಗದ ಮೇಲಿರುತ್ತದೆ. ಕಾರ್ಖಾನೆ, ಗಣಿ, ರಸ್ತೆ, ನಗರ ಇವುಗಳಿಂದ ಲಾಭ ಹುಟ್ಟುತ್ತದೆ. ಜೊತೆಗೆ ಹೊಗೆ, ದೂಳು, ಕೊಳಚೆಯೂ ಹುಟ್ಟುತ್ತವೆ. ಲಾಭ ಒಬ್ಬರ ಮನೆಗೆ, ಕೊಳಚೆ ಇನ್ನೊಬ್ಬರ ಕೇರಿಗೆ ಹೋಗುತ್ತಿದ್ದರೆ, ಹಾಗೆ ಹಂಚಿದವರು ಯಾರು, ಯಾರನ್ನು ಕೇಳಿ ಹಂಚಿದರು ಎಂದು ವಿಚಾರಿಸುವುದೇ ಪರಿಸರ ನ್ಯಾಯ.

ಆರೋಗ್ಯ ಸಮತೆ ಇದಕ್ಕೆ ಅಂಟಿಕೊಂಡೇ ಬರುವ ವಿಚಾರ. ಭದ್ರಾ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಜಲಾಶಯದಿಂದ ನಾಲೆಗೆ ನೀರು ಬಿಟ್ಟರೆ ಕಾಗದದ ಮೇಲೆ ಎಲ್ಲ ರೈತರಿಗೂ ಬಿಟ್ಟಂತೆಯೇ. ಆದರೆ ಮೇಲ್ಭಾಗದ ಗದ್ದೆಗಳು ತುಂಬಿ ಹರಿಯುವಾಗ ಹರಿಹರ, ದಾವಣಗೆರೆ ತಾಲ್ಲೂಕುಗಳ ಕೊನೆಯ ಭಾಗದ ರೈತರು ಒಣಗಿದ ತೂಬಿನ ಮುಂದೆ ನಿಂತಿರುತ್ತಾರೆ. ಒಂದೇ ದಿನ ಎಲ್ಲರಿಗೂ ನೀರು ಬಿಡುವುದು ಸಮಾನತೆ. ಸರದಿ ಹಾಕಿ, ಕಾವಲಿಟ್ಟು, ಕೊನೆಯ ಗದ್ದೆಗೂ ನೀರು ಹರಿದಿದೆಯೇ ಎಂದು ಹೋಗಿ ನೋಡುವುದು ಸಮತೆ. ಆರೋಗ್ಯದಲ್ಲೂ ಹೀಗೆಯೇ. ಜಿಲ್ಲೆಗೊಂದು ಆಸ್ಪತ್ರೆ, ಊರಿಗೊಂದು ನೀರಿನ ಘಟಕ ಇದೆ ಎಂದ ಮಾತ್ರಕ್ಕೆ ಕೊನೆಯ ಮನೆಗೆ ಆರೋಗ್ಯ ತಲುಪಿದಂತಾಗುವುದಿಲ್ಲ.

ಬಲ್ಲವರು ಇಲ್ಲಿ ನ್ಯಾಯವನ್ನು ಮೂರು ಎಳೆಗಳಾಗಿ ಬಿಡಿಸುತ್ತಾರೆ. ಹಾನಿ ಮತ್ತು ಲಾಭ ಹೇಗೆ ಹಂಚಿಕೆಯಾಗಿವೆ ಎಂಬುದು ಒಂದು. ನಿರ್ಧಾರ ಮಾಡುವಾಗ ಬಾಧೆಗೆ ಒಳಗಾಗುವವರಿಗೆ ಮಾತಾಡಲು ಜಾಗವಿತ್ತೇ ಎಂಬುದು ಇನ್ನೊಂದು. ಅವರ ಅನುಭವವನ್ನು ಅರಿವು ಎಂದು ಒಪ್ಪಿಕೊಂಡರೇ, ಇಲ್ಲವೇ ‘ಓದು ಬಾರದವರ ದೂರು’ ಎಂದು ಬದಿಗೆ ಸರಿಸಿದರೇ ಎಂಬುದು ಮೂರನೆಯದು. ನಮ್ಮ ಕಡೆ ಮೊದಲನೆಯದರ ಬಗ್ಗೆ ಸಾಕಷ್ಟು ಚರ್ಚೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಗಂಟು ಬಿಗಿದಿರುವುದು ಮೂರನೆಯದರಲ್ಲಿ.

ಈ ಹೆಸರಿನ ಚಳವಳಿ ಜಗತ್ತಿಗೆ ಪರಿಚಯವಾದದ್ದು ಅಮೆರಿಕದಿಂದ. 1982ರಲ್ಲಿ ನಾರ್ತ್ ಕೆರೊಲಿನಾ ರಾಜ್ಯದ ವಾರೆನ್ ಕೌಂಟಿಯಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಬೆರೆತ ಮಣ್ಣನ್ನು ಹೂಳಲು ಕಪ್ಪು ಜನರೇ ಹೆಚ್ಚಾಗಿದ್ದ ಪ್ರದೇಶವನ್ನು ಆರಿಸಿದಾಗ ಜನ ಲಾರಿಗಳ ಮುಂದೆ ಮಲಗಿದರು. ಐನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. 1991ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಸಮಾವೇಶ ಪರಿಸರ ನ್ಯಾಯದ 17 ತತ್ವಗಳನ್ನು ಅಂಗೀಕರಿಸಿತು. ಹೆಸರು ಅಲ್ಲಿಂದ ಬಂದಿರಬಹುದು, ಆದರೆ ಹೋರಾಟ ನಮ್ಮ ನೆಲದಲ್ಲಿ ತನ್ನದೇ ದಾರಿಯಲ್ಲಿ ಬೆಳೆದಿದೆ. ಹರಿಹರದ ಕತೆಯನ್ನು ಮುಂದೆ ನೋಡೋಣ.

ಸರಾಸರಿ ಮುಚ್ಚಿಡುವ ಸಂಗತಿ

ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿತು. ಸತತ ಐದು ವರ್ಷ ಗಾಳಿಯ ಮಾನದಂಡ ತಲುಪದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರುಗಳಿದ್ದವು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ಬೆಣ್ಣೆದೋಸೆಯ ಊರು ಆ ಪಟ್ಟಿಯಲ್ಲಿದೆ ಎಂದಾಗ ಅನೇಕರು ನಂಬಲಿಲ್ಲ.

ಇಲ್ಲಿ ಅಳೆಯುವುದು ಪಿಎಂ 10 ಎಂಬ ಕಣಗಳನ್ನು, ಅಂದರೆ 10 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದಾದ ದೂಳನ್ನು. ಅದು ಮೂಗಿನಲ್ಲಿ ನಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತದೆ. 2.5 ಮೈಕ್ರಾನಿಗಿಂತ ಚಿಕ್ಕ ಕಣ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಭಾರತದ ಮಾನದಂಡದಂತೆ ಪಿಎಂ 10ರ ವಾರ್ಷಿಕ ಸರಾಸರಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15.

ಈ ಅಂಕಿ ನಗರದ ಸರಾಸರಿ. ಮಾಪನ ಕೇಂದ್ರ ಇರುವ ಕಡೆಯ ಗಾಳಿಯನ್ನು ಅದು ಹೇಳುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಸಾಲುಗಳಿವೆ. ನಾವೆಲ್ಲ ಸಂಜೆ ತಿನ್ನುವ ಮಂಡಕ್ಕಿಯನ್ನು ಅಲ್ಲಿ ಬಿಸಿ ಮರಳಿನಲ್ಲಿ ಹುರಿಯುತ್ತಾರೆ. ಹೊಗೆ ತುಂಬಿದ ಭಟ್ಟಿಯ ಬಾಯಿಯ ಬಳಿ ನಿಂತು ಹುರಿಯುವವರು, ಪಕ್ಕದ ಮನೆಯಲ್ಲೇ ಮಲಗುವ ಅವರ ಮಕ್ಕಳು ಉಸಿರಾಡುವ ಗಾಳಿ ನಗರದ ಸರಾಸರಿಗಿಂತ ಬೇರೆ. ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕರು ಉಸಿರಿಗೆ ಎಳೆದುಕೊಳ್ಳುವ ದೂಳೂ ಬೇರೆ. ಸರಾಸರಿ ಇಳಿದರೆ ನಗರಕ್ಕೆ ಒಳ್ಳೆಯ ಹೆಸರು ಬರುತ್ತದೆ. ಆದರೆ ಇಳಿದದ್ದು ಯಾರ ಬೀದಿಯಲ್ಲಿ? ಪರಿಸರ ನ್ಯಾಯಕ್ಕಾಗಿ ದುಡಿಯುವವರು ಸರಾಸರಿಯನ್ನು ಒಡೆದು ಬೀದಿ ಬೀದಿಯ, ಮನೆ ಮನೆಯ ಲೆಕ್ಕ ಕೇಳುತ್ತಾರೆ. ಮುಂದಿನ ಉದಾಹರಣೆಗಳಲ್ಲೆಲ್ಲ ಇದೇ ಕಾಣುತ್ತದೆ.

ಫ್ಲೋರೈಡ್: ಒಂದೇ ಕೊಳವೆಬಾವಿ, ಬೇರೆ ಬೇರೆ ದೇಹಗಳು

ಚಿತ್ರದುರ್ಗ ಜಿಲ್ಲೆಯ ಪೂರ್ವ ಭಾಗದಲ್ಲಿ ಮಳೆ ಕಡಿಮೆ. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದು. ನೆಲದಡಿ ಗಟ್ಟಿ ಬಂಡೆ. ಆ ಬಂಡೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ಹೆಚ್ಚು ಕರಗುತ್ತದೆ. ಕೆರೆ, ತೆರೆದ ಬಾವಿಗಳು ಜೀವಂತವಾಗಿದ್ದಾಗ ಜನ ಮೇಲ್ಪದರದ ಹೊಸ ನೀರು ಕುಡಿಯುತ್ತಿದ್ದರು. ಕೊಳವೆಬಾವಿ ಆಳಕ್ಕೆ ಇಳಿದಂತೆ ಬಹುಕಾಲದಿಂದ ಬಂಡೆಯೊಳಗೆ ನಿಂತ ನೀರು ಮೇಲೆ ಬಂತು. ಆದ್ದರಿಂದ ಫ್ಲೋರೈಡನ್ನು ಪೂರ್ತಿ ಪ್ರಕೃತಿಯ ಮೇಲೆ ಹೊರಿಸುವಂತಿಲ್ಲ. ಕೆರೆಗಳ ಹೂಳು ತೆಗೆಯದೆ, ಅಂತರ್ಜಲಕ್ಕೆ ಮಿತಿಯಿಲ್ಲದೆ ಕೈಹಾಕಿದ್ದರಲ್ಲಿ ನಮ್ಮ ಪಾಲೂ ಇದೆ.

ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ಮನೆಯ ಹಿರಿಯರು ‘ನೀರು ಕಾಯಿಸಿ ಕುಡಿಯಿರಿ’ ಎನ್ನುವುದು ಭೇದಿಗೆ ಸರಿಯಾದ ಮಾತು. ಫ್ಲೋರೈಡಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಮೊದಲ ಗುರುತು ಮಕ್ಕಳ ಹಲ್ಲಿನಲ್ಲಿ. ಸುಮಾರು ಎಂಟು ವರ್ಷದೊಳಗೆ, ಹಲ್ಲಿನ ಹೊರಪದರ ರೂಪುಗೊಳ್ಳುವಾಗ ಇಂಥ ನೀರು ಕುಡಿದರೆ ಹಲ್ಲಿನ ಮೇಲೆ ಸೀಮೆಸುಣ್ಣದ ಬಣ್ಣದ ಮಚ್ಚೆಗಳು ಮೂಡುತ್ತವೆ. ಮುಂದೆ ಅವು ಅಡ್ಡಡ್ಡ ಕಂದು ಗೆರೆಗಳಾಗುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಕಲೆ ಹಲ್ಲಿನ ಒಳಗೇ ಇದೆ. ಹರೆಯಕ್ಕೆ ಬಂದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಇದನ್ನು ಸೌಂದರ್ಯದ ಸಮಸ್ಯೆ ಎಂದು ತಳ್ಳಿಹಾಕುವವರಿದ್ದಾರೆ. ಅದು ತಪ್ಪು. ಆ ಗೆರೆ ಮುಂದಿನ ಅಪಾಯದ ಮೊದಲ ಸೂಚನೆ.

ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಮೂಳೆ, ಕೀಲುಗಳಲ್ಲಿ ಸೇರಿಕೊಳ್ಳುತ್ತದೆ. ಕುತ್ತಿಗೆ, ಸೊಂಟ ಬಿಗಿಯುತ್ತವೆ. ಆರೋಗ್ಯ ಕಾರ್ಯಕರ್ತರು ಎಕ್ಸ್‌ರೇ ಯಂತ್ರವಿಲ್ಲದೆ ಮನೆಯಂಗಳದಲ್ಲೇ ಮಾಡುವ ಮೂರು ಪರೀಕ್ಷೆಗಳಿವೆ. ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲು ಹೇಳುತ್ತಾರೆ. ಗದ್ದವನ್ನು ಎದೆಗೆ ತಾಗಿಸಲು ಹೇಳುತ್ತಾರೆ. ಎರಡೂ ಕೈ ಚಾಚಿ, ಮಡಿಸಿ, ತಲೆಯ ಹಿಂಭಾಗ ಮುಟ್ಟಲು ಹೇಳುತ್ತಾರೆ. ಇವು ಆಗದೆ ನೋವಿನಿಂದ ಅರ್ಧಕ್ಕೇ ನಿಂತುಬಿಟ್ಟರೆ ಮುಂದಿನ ತಪಾಸಣೆಗೆ ಬರೆದುಕೊಳ್ಳುತ್ತಾರೆ. ಊರಲ್ಲಿ ಇದಕ್ಕೆ ‘ವಾಯು’, ‘ವಯಸ್ಸಾಯಿತು’ ಎಂಬ ಸಮಾಧಾನ ಇರುತ್ತದೆ. ನಲವತ್ತರ ಆಸುಪಾಸಿನವರಿಗೂ ಅದೇ ಸಮಾಧಾನ.

ಸಮತೆಯ ಪ್ರಶ್ನೆ ಇಲ್ಲಿ ತೀಕ್ಷ್ಣವಾಗುತ್ತದೆ. ಒಂದೇ ಕೊಳವೆಬಾವಿಯ ನೀರು ಎಲ್ಲರನ್ನೂ ಒಂದೇ ರೀತಿ ಬಾಧಿಸುವುದಿಲ್ಲ. ಹಾಲು, ಸೊಪ್ಪು, ಹಣ್ಣು ಸಿಗುವ ಮನೆಯ ಮಗುವಿಗೆ ಕ್ಯಾಲ್ಸಿಯಂ, ಸಿ ಜೀವಸತ್ವದ ಬೆಂಬಲವಿರುತ್ತದೆ. ಅಪೌಷ್ಟಿಕತೆ ಇರುವ ಮಗುವಿನ ಮೂಳೆಯ ಮೇಲೆ ಅದೇ ನೀರು ಹೆಚ್ಚು ಹಾನಿ ಮಾಡುತ್ತದೆ. ಬಿಸಿಲಲ್ಲಿ ಕೂಲಿ ಮಾಡುವವರು ನೆರಳಲ್ಲಿ ಕೂತವರಿಗಿಂತ ಹೆಚ್ಚು ನೀರು ಕುಡಿಯುತ್ತಾರೆ, ಹೆಚ್ಚು ಫ್ಲೋರೈಡ್ ನುಂಗುತ್ತಾರೆ. ಶುದ್ಧ ಕುಡಿಯುವ ನೀರಿನ ಘಟಕ ಊರ ನಡುವೆ ಇದ್ದರೆ, ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿ ಬೈಕಿನಲ್ಲಿ ತರುವ ಮನೆಗೆ ಅದು ಹತ್ತಿರ. ಊರಾಚೆಯ ಗೊಲ್ಲರಹಟ್ಟಿಯಿಂದ ತಲೆಯ ಮೇಲೆ ಹೊತ್ತು ತರಬೇಕಾದ ಮುದುಕಿಗೆ ಅದೇ ಘಟಕ ದೂರ. ಕುಡಿಯಲು ಕ್ಯಾನ್ ನೀರು ತಂದರೂ ಅಡುಗೆಗೆ ನಲ್ಲಿ ನೀರನ್ನೇ ಬಳಸುವ ಮನೆಗಳಿವೆ. ಮುದ್ದೆ, ಸಾರಿನ ಮೂಲಕವೂ ಫ್ಲೋರೈಡ್ ಹೊಟ್ಟೆ ಸೇರುತ್ತದೆ ಎಂಬುದನ್ನು ಎಷ್ಟೋ ಮನೆಗಳಿಗೆ ಯಾರೂ ಹೇಳಿಲ್ಲ.

ಘಟಕ ಕೆಟ್ಟರೆ ಏನಾಗುತ್ತದೆ ಎಂಬುದೂ ಮುಖ್ಯ. ಘಟಕದಲ್ಲಿ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಸೋಸುವ ರಿವರ್ಸ್ ಆಸ್ಮೋಸಿಸ್ ಯಂತ್ರವಿದ್ದರೆ ಆ ಪೊರೆಯನ್ನು ಆಗಾಗ ಬದಲಿಸಬೇಕು. ಶುದ್ಧ ನೀರಿನ ಜೊತೆಗೆ ಫ್ಲೋರೈಡ್ ಸಾಂದ್ರವಾದ ತ್ಯಾಜ್ಯ ನೀರೂ ಹೊರಬರುತ್ತದೆ, ಅದಕ್ಕೊಂದು ದಾರಿ ಬೇಕು. ಘಟಕ ಉದ್ಘಾಟನೆಯಾದ ದಿನದ ಫೋಟೋ ಎಲ್ಲರ ಬಳಿಯೂ ಇರುತ್ತದೆ, ನಿರ್ವಹಣೆಯ ಲೆಕ್ಕ ಕೆಲವರ ಬಳಿ ಮಾತ್ರ. ಈ ಕಾರಣಕ್ಕೇ ದೂರದಿಂದ ನದಿ ನೀರು ತರುವ ಬಹುಗ್ರಾಮ ಯೋಜನೆಗಳ ಒತ್ತಾಯ ಹೆಚ್ಚಿದೆ. ತುಂಗಭದ್ರಾ ಹಿನ್ನೀರನ್ನು ಈ ಭಾಗದ ಹಳ್ಳಿಗಳಿಗೆ ತರುವ ಯೋಜನೆ ಹುಟ್ಟಿದ್ದೂ ಇದೇ ಹಿನ್ನೆಲೆಯಲ್ಲಿ.

ಇಲ್ಲಿ ಕೆಲಸ ಮಾಡುವವರು ಯಾರು? ಆಶಾ ಕಾರ್ಯಕರ್ತೆಯರು, ಶಾಲಾ ಶಿಕ್ಷಕರು, ನೀರುಗಂಟಿಗಳು, ಸ್ವಸಹಾಯ ಸಂಘದ ಮಹಿಳೆಯರು. ಜಲ ಜೀವನ್ ಮಿಷನ್ 2019ರಲ್ಲಿ ಆರಂಭವಾದಾಗ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕೆಂದು ಗೊತ್ತುಮಾಡಲಾಯಿತು. ಕಿಟ್ಟಿನ ಬಳಕೆ ಸರಳ. ಪುಟ್ಟ ಸೀಸೆಯನ್ನು ಪರೀಕ್ಷಿಸುವ ನೀರಿನಲ್ಲೇ ತೊಳೆದು, ಗೆರೆಯವರೆಗೆ ತುಂಬಿ, ಕೊಟ್ಟಿರುವ ದ್ರಾವಣವನ್ನು ಅಳತೆಯಂತೆ ಹನಿಸಿ ಅಲುಗಾಡಿಸುತ್ತಾರೆ. ಈ ಬಗೆಯ ಪರೀಕ್ಷೆಗಳಲ್ಲಿ ಫ್ಲೋರೈಡ್ ಕಡಿಮೆ ಇದ್ದರೆ ನೀರು ಗುಲಾಬಿಯಾಗಿಯೇ ಉಳಿಯುತ್ತದೆ, ಹೆಚ್ಚಿದಂತೆ ಹಳದಿಗೆ ತಿರುಗುತ್ತದೆ. ಸೀಸೆಯನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿ ಅಂಕಿ ಬರೆಯುತ್ತಾರೆ. ಇದು ಅಂದಾಜು ಮಾತ್ರ, ಖಚಿತ ಅಂಕಿಗೆ ಪ್ರಯೋಗಾಲಯಕ್ಕೇ ಕಳುಹಿಸಬೇಕು. ಆದರೆ ಆ ಹಳದಿ ಬಣ್ಣವನ್ನು ಕಣ್ಣಾರೆ ಕಂಡ ಹೆಂಗಸು ಗ್ರಾಮಸಭೆಯಲ್ಲಿ ಎದ್ದು ನಿಂತರೆ ಮಾತಿಗೆ ಬರುವ ತೂಕವೇ ಬೇರೆ. ‘ನೀರು ಸರಿಯಿಲ್ಲ’ ಎಂಬ ದೂರು ‘ಮೂರನೇ ಓಣಿಯ ಕೊಳವೆಬಾವಿಯಲ್ಲಿ ಮಿತಿ ಮೀರಿದೆ’ ಎಂಬ ದಾಖಲೆಯಾಗುತ್ತದೆ. ದಾಖಲೆಗೆ ಉತ್ತರ ಕೊಡಲೇಬೇಕಾಗುತ್ತದೆ.

ನಲ್ಲಿಗೆ ಕೊಳಚೆ ಸೇರುವುದು ಹೇಗೆ?

ಮತ್ತೆ ನಗರದ ನಲ್ಲಿಗೆ ಬರೋಣ. ನಮ್ಮ ಊರುಗಳಲ್ಲಿ ನೀರು ಇಡೀ ದಿನ ಬರುವುದಿಲ್ಲ. ಬಿಡದ ಹೊತ್ತಿನಲ್ಲಿ ಕೊಳವೆ ಬರಿದಾಗಿ ಒಳಗಿನ ಒತ್ತಡ ಕುಸಿಯುತ್ತದೆ. ಕೊಳವೆಯಲ್ಲಿ ಸೀಳಿದ್ದು, ಅದು ಚರಂಡಿಯ ಪಕ್ಕ ಅಥವಾ ಚರಂಡಿಯೊಳಗೇ ಹಾದುಹೋಗಿದ್ದರೆ ಕೊಳಚೆ ಒಳಗೆ ನುಗ್ಗುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಟ್ಯಾಂಕಿನಲ್ಲಿ ನೀರು ಶುದ್ಧವಾಗಿದ್ದರೂ ಕೊನೆಯ ನಲ್ಲಿಯಲ್ಲಿ ಅಶುದ್ಧವಾಗಿರಬಹುದು. ಹಳೆಯ ಕೊಳವೆ, ಕಿರಿದಾದ ಗಲ್ಲಿ, ತೆರೆದ ಚರಂಡಿ ಹೆಚ್ಚಿರುವುದು ಯಾವ ಬಡಾವಣೆಗಳಲ್ಲಿ ಎಂಬುದನ್ನು ಊರಿನ ಯಾರೂ ಬೆರಳಿಟ್ಟು ತೋರಿಸಬಲ್ಲರು.

ಇದಕ್ಕೆ ಕಾವಲು ಕ್ಲೋರಿನ್. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕ್ಲೋರೋಸ್ಕೋಪ್ ಎಂಬ ಪುಟ್ಟ ಉಪಕರಣದಲ್ಲಿ ನಿಮಿಷಗಳಲ್ಲೇ ತಿಳಿಯುತ್ತದೆ. ಅಳೆಯಬೇಕಾದ ಜಾಗ ಟ್ಯಾಂಕಿನ ಬುಡವಲ್ಲ, ಕೊನೆಯ ಮನೆಯ ನಲ್ಲಿ.

ಗಣಿಯ ದೂಳು, ಗಣಿಯ ಹಣ

ಹೊಳಲ್ಕೆರೆ, ಭೀಮಸಮುದ್ರ, ಹೊಸದುರ್ಗದ ಸುತ್ತ ಕಬ್ಬಿಣದ ಅದಿರಿನ ಗುಡ್ಡಗಳಿವೆ. ಭೀಮಸಮುದ್ರ ಅಡಿಕೆಗೆ ಹೆಸರಾದ ಊರು. ಅದಿರು ಲಾರಿಗಳು ಓಡಾಡುವ ದಾರಿಯ ಬದಿಯ ತೋಟಗಳಲ್ಲಿ ಅಡಿಕೆ ಸೋಗೆ ಕೆಂಪು ಬಳಿದುಕೊಂಡು ನಿಂತಿರುತ್ತದೆ. ದೂಳು ಎಲೆಯ ಮೇಲೆ ಕೂತರೆ ಇಳುವರಿ ಕುಗ್ಗುತ್ತದೆ, ಎದೆಯೊಳಗೆ ಕೂತರೆ ಕೆಮ್ಮು ಬಿಡುವುದಿಲ್ಲ. ಅಂದಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ಕುರಿತ ವರದಿ 2011ರ ಜುಲೈನಲ್ಲಿ ಸಲ್ಲಿಕೆಯಾಗಿ ರಾಜ್ಯವನ್ನೇ ಅಲುಗಾಡಿಸಿದ್ದು ನೆನಪಿರಬಹುದು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆ 2009ರಲ್ಲೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಆ ಪ್ರಕರಣದಲ್ಲಿ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ, ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರಿನ ಗಣಿಗಾರಿಕೆಗೆ ತಡೆ ಹಾಕಿತು.

ಮುಂದೆ ಗಣಿಗಳು ಮತ್ತೆ ತೆರೆದಾಗ ಚಿತ್ರದುರ್ಗ–ತುಮಕೂರು ಎರಡೂ ಸೇರಿ ವರ್ಷಕ್ಕೆ 50 ಲಕ್ಷ ಟನ್ ಎಂಬ ಮಿತಿ ಇತ್ತು. ಅದು ಹಂತ ಹಂತವಾಗಿ ಏರಿ 2022ರಲ್ಲಿ 150 ಲಕ್ಷ ಟನ್ ಆಯಿತು. ಟನ್ನಿನ ಲೆಕ್ಕವೂ ಒಂದು ಬಗೆಯ ಸರಾಸರಿಯೇ. ಯಾವ ಹಳ್ಳಿಯ ಮುಂದೆ ದಿನಕ್ಕೆ ಎಷ್ಟು ಲಾರಿ ಹಾದುಹೋಗುತ್ತವೆ, ಶಾಲೆ ಬಿಡುವ ಹೊತ್ತಿನಲ್ಲಿ ಎಷ್ಟು, ರಸ್ತೆಗೆ ನೀರು ಚಿಮುಕಿಸಿದರೋ ಇಲ್ಲವೋ, ಇದನ್ನೆಲ್ಲ ಅದು ಹೇಳುವುದಿಲ್ಲ.

ಈಗ ಹಣದ ವಿಚಾರ. ಇದು ಓದುಗರಿಗೆ ಅತಿ ಗೊಂದಲದ ಭಾಗ, ಏಕೆಂದರೆ ಎರಡು ಬೇರೆ ಬೇರೆ ನಿಧಿಗಳಿವೆ.

ಒಂದು, ಜಿಲ್ಲಾ ಖನಿಜ ಪ್ರತಿಷ್ಠಾನ. 2015ರಲ್ಲಿ ಗಣಿ ಕಾಯ್ದೆಗೆ ತಂದ ತಿದ್ದುಪಡಿಯಿಂದ ಹುಟ್ಟಿದ್ದು. ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕಟ್ಟುವ ರಾಜಧನದ ಮೇಲೆ, ಹಳೆಯ ಗುತ್ತಿಗೆಯಾದರೆ ಅದರ ಶೇ 30ರಷ್ಟು, ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ ಶೇ 10ರಷ್ಟು ಹೆಚ್ಚುವರಿಯಾಗಿ ಈ ಪ್ರತಿಷ್ಠಾನಕ್ಕೆ ಕೊಡಬೇಕು. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಾಲಿನ್ಯ ನಿಯಂತ್ರಣದಂಥ ಆದ್ಯತೆಯ ಕೆಲಸಗಳಿಗೆ ಕನಿಷ್ಠ ಶೇ 60 ಮೀಸಲಿಡಬೇಕು ಎಂದು ಮೊದಲಿತ್ತು, 2024ರ ಮಾರ್ಗಸೂಚಿ ಅದನ್ನು ಶೇ 70ಕ್ಕೆ ಏರಿಸಿತು. ಗಣಿಯಿಂದ 15 ಕಿಲೋಮೀಟರ್ ಒಳಗಿನದು ನೇರ ಬಾಧಿತ ಪ್ರದೇಶ, 25 ಕಿಲೋಮೀಟರ್‌ವರೆಗಿನದು ಪರೋಕ್ಷ ಬಾಧಿತ ಪ್ರದೇಶ.

ಇನ್ನೊಂದು, ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮದ ಕೈಯಲ್ಲಿರುವುದು. ಅಕ್ರಮ ಗಣಿಗಾರಿಕೆ ಪ್ರಕರಣದಲ್ಲಿ ಕೋರ್ಟಿನ ಆದೇಶದಂತೆ ಅದಿರು ಮಾರಾಟದಿಂದ ಕೂಡಿಟ್ಟ ಹಣ ಅದು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಕ್ಕಾಗಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು.

ಎರಡರಲ್ಲೂ ಹಣ ದೊಡ್ಡದು, ಪ್ರಶ್ನೆ ಒಂದೇ: ಹಣ ಜಿಲ್ಲೆಗೆ ಬಂತೋ, ದೂಳು ಕುಡಿದ ಹಳ್ಳಿಗೆ ಬಂತೋ? ನೇರ ಬಾಧಿತ ಎಂಬ ವ್ಯಾಖ್ಯೆ ಇರುವುದೇ ಈ ಎರಡನ್ನು ಬೇರ್ಪಡಿಸಲು. ಇಲ್ಲಿ ದುಡಿಯುವವರು ಕಾಮಗಾರಿ ಪಟ್ಟಿಯನ್ನು ಹಳ್ಳಿಗಳ ಪಟ್ಟಿಯ ಪಕ್ಕ ಇಟ್ಟು ಓದುತ್ತಾರೆ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ, 30 ದಿನದೊಳಗೆ ಬರಬೇಕಾದ ಉತ್ತರ, ಇವೇ ಅವರ ಮುಖ್ಯ ಸಲಕರಣೆ.

ಹರಿಹರದ ಹೊಳೆ, ಚಳ್ಳಕೆರೆಯ ಕಾವಲು

ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಮರದಿಂದ ತಿರುಳು (ಪಲ್ಪ್) ತಯಾರಿಸುವ ಹರಿಹರ ಪಾಲಿಫೈಬರ್ಸ್ ಆರಂಭವಾಯಿತು. ಕಾರ್ಖಾನೆಯ ತ್ಯಾಜ್ಯ ತುಂಗಭದ್ರೆಗೆ ಸೇರಿ ಮೀನು ಸಾಯುತ್ತಿವೆ, ಕೆಳದಂಡೆಯ ಊರುಗಳ ಜನ–ಜಾನುವಾರು ನರಳುತ್ತಿದ್ದಾರೆ ಎಂಬ ದೂರಿನೊಂದಿಗೆ 1980ರ ದಶಕದಲ್ಲಿ ತುಂಗಭದ್ರಾ ಪರಿಸರ ಸಮಿತಿ, ಸಮಾಜ ಪರಿವರ್ತನಾ ಸಮುದಾಯ ಹೋರಾಟಕ್ಕಿಳಿದವು. ಅದರ ಬೆನ್ನಲ್ಲೇ ಇನ್ನೊಂದು ಹೋರಾಟ ಹುಟ್ಟಿತು. 1984ರಲ್ಲಿ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿ, ಸುಮಾರು 30 ಸಾವಿರ ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಯಲು ಹೊರಟವು. ಹಳ್ಳಿಗರು ಸೌದೆ, ಮೇವು ತರುತ್ತಿದ್ದ ನೆಲವದು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಮರಗಳ ಸಸಿ ನೆಟ್ಟರು. ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ಎಂದೇ ಅದು ಹೆಸರಾಯಿತು. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲು ತೀರ್ಮಾನವಾಯಿತು.

ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳ, ಅಂದರೆ ದನ–ಕುರಿ ಮೇಯುವ ಹುಲ್ಲುಗಾವಲುಗಳ, ಕತೆ ಇತ್ತೀಚಿನದು. ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುವಿಜ್ಞಾನ ಸಂಸ್ಥೆಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 10 ಸಾವಿರ ಎಕರೆ ಹುಲ್ಲುಗಾವಲು ಹಂಚಿಕೆಯಾಯಿತು. ಬೇಲಿ, ಗೋಡೆ ಎದ್ದಾಗಲೇ ಅನೇಕ ಕುರಿಗಾಹಿಗಳಿಗೆ ವಿಷಯ ತಿಳಿದದ್ದು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ, ಪರಿಸರ ವ್ಯಾಜ್ಯಗಳನ್ನು ವಿಚಾರಿಸುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. ಇದು ಆರೋಗ್ಯಕ್ಕೆ ಹೇಗೆ ಸಂಬಂಧ ಎಂದು ಕೇಳಬಹುದು. ಕಾವಲು ಹೋದರೆ ಕುರಿ ಹೋಗುತ್ತದೆ, ಕುರಿಯ ಜೊತೆ ಉಣ್ಣೆ, ಕಂಬಳಿ ನೇಯ್ಗೆಯ ಆದಾಯ ಹೋಗುತ್ತದೆ. ಆ ಮನೆಯ ಊಟದ ತಟ್ಟೆಯೂ ಬದಲಾಗುತ್ತದೆ. ಮಗುವಿನ ತೂಕ ಅಂಗನವಾಡಿಯ ಪುಸ್ತಕದಲ್ಲಿ ಇಳಿದಾಗ ಕಾರಣವನ್ನು ಕಾವಲಿನ ಬೇಲಿಯವರೆಗೂ ಹುಡುಕಬೇಕಾಗುತ್ತದೆ.

ಅಹವಾಲು ಸಭೆಯಲ್ಲಿ ನಡೆಯುವುದು

ಹೊಸ ಗಣಿ ಅಥವಾ ದೊಡ್ಡ ಕಾರ್ಖಾನೆ ಬರುವಾಗ ಜನರಿಗೆ ಸಿಗುವ ಮುಖ್ಯ ಬಾಗಿಲು ಸಾರ್ವಜನಿಕ ಅಹವಾಲು ಸಭೆ. ಎಲ್ಲ ಯೋಜನೆಗಳಿಗೂ ಇದು ಕಡ್ಡಾಯವಲ್ಲ, ಆದರೆ ಕಡ್ಡಾಯವಿರುವ ಕಡೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ನಿಯಮಗಳು ಸ್ಪಷ್ಟ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಪರಿಣಾಮ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ ಜೊತೆಗಿರಬೇಕು. ಇಡೀ ಸಭೆಯ ವಿಡಿಯೊ ಚಿತ್ರೀಕರಣ ಆಗಬೇಕು. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು.

ಸಭೆಯಲ್ಲಿ ಮತದಾನ ಇರುವುದಿಲ್ಲ. ಬೇಡ ಎಂದವರೇ ಹೆಚ್ಚಿದ್ದರೂ ಯೋಜನೆ ತಾನಾಗಿ ನಿಲ್ಲುವುದಿಲ್ಲ. ಆದರೆ ಎತ್ತಿದ ಪ್ರತಿ ಆಕ್ಷೇಪವೂ ದಾಖಲಾಗಿ, ಅನುಮತಿ ಪರಿಶೀಲಿಸುವ ಸಮಿತಿಯ ಮುಂದೆ ಹೋಗಬೇಕು. ಹಾಗಾಗಿ ಪೆಂಡಾಲಿನಲ್ಲಿ ಕೂಗಿದ ಘೋಷಣೆಗಿಂತ ಬರೆದುಕೊಟ್ಟ ಒಂದು ಪುಟ ಹೆಚ್ಚು ಕಾಲ ಬದುಕುತ್ತದೆ. ಅನುಭವವಿರುವ ಕಾರ್ಯಕರ್ತರು ಸಭೆಗೆ ಮೊದಲೇ ಊರೂರು ತಿರುಗಿ ಸಾರಾಂಶವನ್ನು ಗಟ್ಟಿಯಾಗಿ ಓದುತ್ತಾರೆ. ವರದಿಯಲ್ಲಿ ‘ಸಮೀಪದಲ್ಲಿ ಜಲಮೂಲವಿಲ್ಲ’ ಎಂದು ಬರೆದಿದ್ದರೆ ಅಲ್ಲಿರುವ ಗೋಕಟ್ಟೆಯನ್ನು ತೋರಿಸಬಲ್ಲವರು ಕುರಿ ಕಾಯುವವರೇ. ಮಾಸ್ತರು ಅದನ್ನು ಬರೆದುಕೊಡುತ್ತಾರೆ, ಕುರಿಗಾಹಿ ಹೆಬ್ಬೆಟ್ಟು ಒತ್ತುತ್ತಾನೆ. ಮೇಲೆ ಹೇಳಿದ ಮೂರನೇ ಎಳೆ, ಅನುಭವವನ್ನು ಅರಿವೆಂದು ಒಪ್ಪುವುದು, ಕಾಗದಕ್ಕೆ ಇಳಿಯುವುದು ಹೀಗೆ.

ಕಾನೂನಿನ ಆಸರೆ, ಗಡುವುಗಳು

ಸಂವಿಧಾನದ 21ನೇ ವಿಧಿ ಜೀವಿಸುವ ಹಕ್ಕು ಕೊಡುತ್ತದೆ. ಶುದ್ಧ ನೀರು, ಗಾಳಿ ಅದರ ಭಾಗ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಮಾಲಿನ್ಯ ಮಾಡಿದವರೇ ಅದರ ಬೆಲೆ ತೆರಬೇಕು ಎಂಬ ತತ್ವವನ್ನು 1996ರ ವೆಲ್ಲೂರು ಪ್ರಕರಣದಲ್ಲಿ ನಮ್ಮ ಕಾನೂನಿನ ಭಾಗವೆಂದು ಒಪ್ಪಿತು. 2010ರ ಕಾಯ್ದೆಯಿಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಂತು. ಕರ್ನಾಟಕ ಅದರ ಚೆನ್ನೈ ಪೀಠದ ವ್ಯಾಪ್ತಿಯಲ್ಲಿದೆ.

ಇಲ್ಲಿ ಗಡುವು ತಪ್ಪಿಸಿಕೊಂಡು ಸೋತವರು ಬಹಳ. ಪರಿಸರ ಅನುಮತಿಯ ವಿರುದ್ಧ ಮೇಲ್ಮನವಿ ಸಲ್ಲಿಸಲು 30 ದಿನ, ತಕ್ಕ ಕಾರಣವಿದ್ದರೆ ಇನ್ನೂ 60 ದಿನ. ಪರಿಸರ ವ್ಯಾಜ್ಯಕ್ಕೆ ಆರು ತಿಂಗಳು. ಹಾನಿಗೆ ಪರಿಹಾರ ಕೇಳಲು ಐದು ವರ್ಷ. ವಾಂತಿ–ಭೇದಿಯ ಪ್ರಕರಣವಾಗಲಿ, ಕಾರ್ಖಾನೆಯ ಹೊಗೆಯಾಗಲಿ, ಆಸ್ಪತ್ರೆಯ ಚೀಟಿ, ನೀರಿನ ಮಾದರಿಯ ವರದಿ, ದೂರು ಕೊಟ್ಟ ದಿನದ ಸ್ವೀಕೃತಿ, ದಿನಾಂಕವಿರುವ ಫೋಟೋ ಇವನ್ನು ಅಂದೇ ಎತ್ತಿಡಬೇಕು.

ಊರಿನ ಮಟ್ಟದಲ್ಲಿ ಕೇಳಬಹುದಾದ ಜಾಗಗಳು ಹತ್ತಿರದಲ್ಲೇ ಇವೆ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಎಲ್ಲಿದೆ, ತರಬೇತಿ ಪಡೆದ ಐವರು ಯಾರು, ಕಳೆದ ಬಾರಿಯ ಫಲಿತಾಂಶವೇನು ಎಂದು ಯಾರು ಬೇಕಾದರೂ ಕೇಳಬಹುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗೆ ಆಶಾ ಕಾರ್ಯಕರ್ತೆಯ ಮೂಲಕ ವಿಷಯ ತರಬಹುದು. ನಗರದಲ್ಲಾದರೆ ವಾರ್ಡಿನ ಕೊನೆಯ ನಲ್ಲಿಯ ಕ್ಲೋರಿನ್ ಅಳತೆಯನ್ನು ಪಾಲಿಕೆ ಅಥವಾ ನಗರಸಭೆಯ ನೀರು ಸರಬರಾಜು ವಿಭಾಗದಿಂದ ಲಿಖಿತವಾಗಿ ಪಡೆಯಬಹುದು. ಕೇಳುವಾಗ ಊರಿನ ಸರಾಸರಿ ಬೇಡ, ಓಣಿಯ ಹೆಸರು, ನಲ್ಲಿಯ ಗುರುತು, ಮಾದರಿ ತೆಗೆದ ದಿನಾಂಕ ಸೇರಿಸಿ ಕೇಳಬೇಕು.